ತಣ್ಣೀರಿನ ಡೈವಿಂಗ್: ಮಾಂಟೆರಿ, ಕೇಪ್‌ಟೌನ್, ಸ್ಕಾಪಾ ಫ್ಲೋ – ಮೊದಲು ಎಲ್ಲಿಗೆ?

ಹೋದ ತಿಂಗಳು ಅಕ್ಕನ ಮಗಳು ಬೆಂಗಳೂರಿನಿಂದ ಫೋನ್ ಮಾಡಿದ್ದಳು. ನೇತ್ರಾಣಿ ದ್ವೀಪದಲ್ಲಿ ಡೈವಿಂಗಿನ ಮೊದಲ ಹಂತದ ಓಪನ್ ವಾಟರ್ ಕೋರ್ಸ್ ಮುಗಿಸಿ, ಅಂಡಮಾನಿನಲ್ಲಿ ಮುಂದಿನ ಹಂತದ ಅಡ್ವಾನ್ಸ್ಡ್ ಮಾಡಿ, ಈಗ ಮೂವತ್ತು ಡೈವ್ ದಾಟಿದ್ದಾಳೆ. "ಮಾಮ, ಹವಳ, ಬಣ್ಣದ ಮೀನು ಎಲ್ಲಾ ನೋಡಿದ್ದಾಯ್ತು. ಈಗ ಕೆಲ್ಪ್ ಅನ್ನೋ ಉದ್ದ ಕಡಲಪಾಚಿಯ ಕಾಡು ನೋಡ್ಬೇಕು, ಮುಳುಗಿದ ಹಡಗು ನೋಡ್ಬೇಕು, ಸೀಲ್ ಜೊತೆ ಈಜ್ಬೇಕು. ವರ್ಷಕ್ಕೆ ಒಂದೇ ರಜೆ. ಎಲ್ಲಿಗೆ ಹೋಗ್ಲಿ?"

ನಾನು ಕ್ಯಾಲಿಫೋರ್ನಿಯಾದಲ್ಲಿದ್ದೇನೆ. ಬಿಡುವಾದ ಶನಿವಾರಗಳೆಲ್ಲ ಮಾಂಟೆರಿಯ ನೀರಿನಲ್ಲೇ ಕಳೆಯುತ್ತವೆ. ಕೇಪ್‌ಟೌನಿಗೆ ಎರಡು ಸಲ ಹೋಗಿದ್ದೇನೆ, ಸ್ಕಾಟ್ಲೆಂಡಿನ ಸ್ಕಾಪಾ ಫ್ಲೋದಲ್ಲಿ ಒಂದು ವಾರ ಡೈವ್ ಮಾಡಿದ್ದೇನೆ. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ. ನಮ್ಮ ಕಡಲಿನಲ್ಲಿ ಕಲಿತು ತಣ್ಣೀರಿಗೆ ಇಳಿಯಬೇಕು ಅನ್ನುವವರು ಈಗ ಜಾಸ್ತಿ ಆಗಿದ್ದಾರೆ. ಆದರೆ ಬಹಳ ಜನ ಫೋಟೋ ನೋಡಿ ಜಾಗ ಆರಿಸುತ್ತಾರೆ. ಯಾವ ಫೋಟೋದಲ್ಲೂ ಚಳಿ ಕಾಣುವುದಿಲ್ಲ.

ಮೊದಲು ಸೂಟ್, ಆಮೇಲೆ ಊರು

ನೇತ್ರಾಣಿಯ ನೀರು 28 ಡಿಗ್ರಿ ಆಸುಪಾಸು ಇರುತ್ತದೆ. ಮಾಂಟೆರಿಯಲ್ಲಿ 10ರಿಂದ 15. ಸ್ಕಾಪಾದಲ್ಲಿ ಮಾರ್ಚ್ ಹೊತ್ತಿಗೆ 7ರ ಹತ್ತಿರ, ಆಗಸ್ಟ್ ಕೊನೆಗೆ 13, 14. ಇದು ಕೇಳುವುದಕ್ಕೆ ನಮ್ಮ ಮಡಿಕೇರಿಯ ಚಳಿಗಾಲದ ಬೆಳಗಿನ ಹಾಗೆ ಅನ್ನಿಸಬಹುದು. ಆದರೆ ನೀರು ಗಾಳಿಗಿಂತ ಸುಮಾರು 25 ಪಟ್ಟು ಬೇಗ ಮೈ ಬಿಸಿಯನ್ನು ಎಳೆದುಕೊಳ್ಳುತ್ತದೆ. ಹನ್ನೆರಡು ಡಿಗ್ರಿ ಗಾಳಿಯಲ್ಲಿ ಸ್ವೆಟರ್ ಹಾಕಿ ವಾಕಿಂಗ್ ಹೋಗಬಹುದು. ಹನ್ನೆರಡು ಡಿಗ್ರಿ ನೀರಿನಲ್ಲಿ ಬರಿಗೈ ಕೆಲವೇ ನಿಮಿಷಕ್ಕೆ ಜೋಮು ಹಿಡಿಯುತ್ತದೆ.

ಎರಡು ದಾರಿ ಇವೆ. ಒಂದು, 7 ಮಿಲಿಮೀಟರ್ ವೆಟ್‌ಸೂಟ್, ಅದರ ಮೇಲೆ ಹುಡ್, ಕೈಗವಸು, ಬೂಟು. ಒಳಗೆ ಸ್ವಲ್ಪ ನೀರು ಬರುತ್ತದೆ, ಮೈ ಬಿಸಿಗೆ ಅದು ಬೆಚ್ಚಗಾಗುತ್ತದೆ. ಬೆಲೆ ಕಡಿಮೆ, ಕಲಿಯುವುದೂ ಏನಿಲ್ಲ. ಆದರೆ ಆಳಕ್ಕೆ ಹೋದಷ್ಟೂ ಸೂಟಿನ ರಬ್ಬರ್ ಒತ್ತಡಕ್ಕೆ ತೆಳ್ಳಗಾಗುತ್ತದೆ. ಮೂವತ್ತು ಮೀಟರಿನಲ್ಲಿ, ಬೆಚ್ಚಗೆ ಬೇಕೇ ಬೇಕು ಅನ್ನುವಾಗ, ಅದು ಕೈ ಕೊಡುತ್ತದೆ.

ಇನ್ನೊಂದು ಡ್ರೈಸೂಟ್. ಕುತ್ತಿಗೆ ಮತ್ತು ಮಣಿಕಟ್ಟಿನ ಹತ್ತಿರ ಬಿಗಿಯಾದ ಪಟ್ಟಿ ಇರುತ್ತದೆ, ನೀರು ಒಳಗೆ ಬರುವುದಿಲ್ಲ. ಒಳಗೆ ಉಣ್ಣೆಯಂಥ ಬಟ್ಟೆ ಹಾಕಿಕೊಳ್ಳಬಹುದು. ಸಿಲಿಂಡರಿನಿಂದ ಸೂಟಿನೊಳಗೆ ಗಾಳಿ ತುಂಬಬೇಕು, ಮೇಲೆ ಬರುವಾಗ ಬಿಡಬೇಕು. ಈ ಕೊನೆಯದೇ ಕಷ್ಟ. ಕಾಲು ಮೇಲಾದರೆ ಗಾಳಿಯೆಲ್ಲ ಬೂಟಿಗೆ ಓಡುತ್ತದೆ, ತಲೆಕೆಳಗಾಗಿ ಮೇಲಕ್ಕೆ ಎಳೆದುಕೊಂಡು ಹೋಗುತ್ತದೆ. ಮೇಲೆ ಬರುವ ವೇಗ ಕೈ ತಪ್ಪಿದರೆ ಜೀವಕ್ಕೇ ಅಪಾಯ ಅಂತ ಡೈವ್ ಕಲಿತ ಎಲ್ಲರಿಗೂ ಗೊತ್ತು. ಹಾಗಾಗಿ ಡ್ರೈಸೂಟನ್ನು ಹಡಗು ನೋಡುವ ದಿನ ಮೊದಲ ಸಲ ಹಾಕಿಕೊಳ್ಳಬೇಡಿ. ಆರೆಂಟು ಡೈವ್ ಆದರೂ ಹತ್ತು ಮೀಟರ್ ಒಳಗೆ ಅಭ್ಯಾಸ ಆಗಿರಬೇಕು.

ಬಾಡಿಗೆ ಸೂಟ್ ತಗೊಳ್ಳುವಾಗ ಪಟ್ಟಿಗಳನ್ನು ಬೆಳಕಿಗೆ ಹಿಡಿದು ನೋಡಿ. ಒಂದು ಸಲ ನನಗೆ ಕೊಟ್ಟ ಸೂಟಿನ ಕುತ್ತಿಗೆ ಪಟ್ಟಿಯಲ್ಲಿ ಉಗುರಿನಷ್ಟು ಸೀಳು ಇತ್ತು. ಅಂಗಡಿಯವರೂ ನೋಡಿರಲಿಲ್ಲ, ನಾನೂ ನೋಡಲಿಲ್ಲ. ಮೊದಲು ಬೆನ್ನಿನ ನಡುವೆ ಒಂದು ತಣ್ಣನೆ ಗೆರೆ ಇಳಿಯಿತು. ಐದು ನಿಮಿಷಕ್ಕೆ ಸೊಂಟದ ತನಕ ಒದ್ದೆ. ಇಪ್ಪತ್ತು ನಿಮಿಷಕ್ಕೆ ಜೊತೆಗೆ ಇಳಿದಿದ್ದ ಗೆಳೆಯನಿಗೆ ಕೈ ಸನ್ನೆ ಮಾಡಿ ಹೊರಗೆ ಬಂದೆ. ದಡದಲ್ಲಿ ಬೆಲ್ಟಿನ ಬಕಲ್ ಬಿಚ್ಚಲು ಬೆರಳು ಬಗ್ಗಲಿಲ್ಲ, ಅವನೇ ಬಿಚ್ಚಿದ. ದಡದ ಹತ್ತಿರ ಆರು ಮೀಟರ್ ಆಳದಲ್ಲಿದ್ದೆವು, ಸರಿಹೋಯಿತು. ಅದೇ ನಲವತ್ತು ಮೀಟರಿನಲ್ಲಿ ಆಗಿದ್ದರೆ ಅಂತ ಈಗಲೂ ಯೋಚನೆ ಬರುತ್ತದೆ.

ಸಿಲಿಂಡರಿನ ಗಾಳಿಯ ಒತ್ತಡ ಇಳಿಸಿ ಬಾಯಿಗೆ ಕೊಡುವ ರೆಗ್ಯುಲೇಟರ್ ಬಗ್ಗೆಯೂ ಕೇಳಿಕೊಳ್ಳಿ. ಸಿಲಿಂಡರಿನ ಗಾಳಿ ಒತ್ತಡ ಇಳಿದಾಗ ಬಹಳ ತಣ್ಣಗಾಗುತ್ತದೆ. ನೀರು 10 ಡಿಗ್ರಿಗಿಂತ ಕೆಳಗಿದ್ದರೆ ರೆಗ್ಯುಲೇಟರಿನಲ್ಲಿ ಮಂಜು ಕಟ್ಟಿ, ಗಾಳಿ ನಿಲ್ಲದೆ ಬುಸುಬುಸು ಸುರಿಯಬಹುದು. ತಣ್ಣೀರಿಗೆಂದೇ ಮಾಡಿದ ರೆಗ್ಯುಲೇಟರ್ ಸಿಗುತ್ತದೆ, ಅದನ್ನೇ ಕೇಳಿ.

ಮಾಂಟೆರಿ: ಕಾಡು ನೋಡಬೇಕೆಂದರೆ

ಜೈಂಟ್ ಕೆಲ್ಪ್ ಗಿಡವಲ್ಲ, ಕಂದು ಬಣ್ಣದ ಪಾಚಿ. ಆದರೆ ಅದರ ನಡುವೆ ನಿಂತಾಗ ಪಾಚಿ ಅಂತ ಕರೆಯಲು ಮನಸ್ಸು ಬರುವುದಿಲ್ಲ. ತಳದ ಬಂಡೆಯಿಂದ ಮೂವತ್ತು ಮೀಟರ್ ಎತ್ತರ ಬೆಳೆಯಬಲ್ಲದು. ಅನುಕೂಲ ಇದ್ದರೆ ಒಂದೇ ದಿನದಲ್ಲಿ ಒಂದಡಿಗಿಂತ ಜಾಸ್ತಿ. ಬೇರು ಇಲ್ಲ. ಬಂಡೆಯನ್ನು ಅಪ್ಪಿ ಹಿಡಿಯುವ ಒಂದು ಗಂಟು ಇದೆ. ಹಳೆ ಆಲದ ಬಿಳಲು ಒಂದಕ್ಕೊಂದು ಹೆಣೆದುಕೊಂಡ ಹಾಗೆ ಕಾಣುತ್ತದೆ. ಆ ಸಂದಿಗಳಿಗೆ ಟಾರ್ಚ್ ಬಿಟ್ಟರೆ ಸಣ್ಣ ಏಡಿ, ಹುಳ, ಬೆರಳುದ್ದದ ನಕ್ಷತ್ರಮೀನು, ಒಂದು ಓಣಿಯೇ ಅಲ್ಲಿ ಬಾಳುತ್ತಿರುತ್ತದೆ. ಪ್ರತಿ ಎಲೆಯ ಬುಡದಲ್ಲೂ ಗಾಳಿ ತುಂಬಿದ ಒಂದು ಬುರುಡೆ. ಅವೇ ಇಡೀ ಕಾಂಡವನ್ನು ಎತ್ತಿ ನಿಲ್ಲಿಸುವುದು. ಮೇಲೆ ಎಲೆಗಳು ಚಪ್ಪರ ಹಾಸುತ್ತವೆ, ಬಿಸಿಲು ಅದರ ಸಂದಿಯಿಂದ ಕೋಲು ಕೋಲಾಗಿ ಇಳಿಯುತ್ತದೆ. ಅಲೆ ಬಂದಾಗ ಇಡೀ ಕಾಡು ಒಟ್ಟಿಗೆ ಆ ಕಡೆ ಬಾಗಿ, ಒಟ್ಟಿಗೆ ಈ ಕಡೆ ಬಾಗುತ್ತದೆ. ನೂರಕ್ಕೂ ಹೆಚ್ಚು ಸಲ ನೋಡಿದ್ದೇನೆ, ಇನ್ನೂ ಸಾಕಾಗಿಲ್ಲ.

ಕೆಲ್ಪಿಗೆ ಸಿಕ್ಕಿಕೊಂಡರೆ? ಎಲ್ಲರೂ ಕೇಳುವ ಪ್ರಶ್ನೆ. ಸಿಕ್ಕಿಕೊಳ್ಳುತ್ತೀರಿ, ಹೆದರಬೇಡಿ. ಎಳೆದರೆ ಅದು ಬರುವುದಿಲ್ಲ, ಹಗ್ಗದಷ್ಟು ಗಟ್ಟಿ. ಸುತ್ತ ತಿರುಗಿದರೆ ಇನ್ನೂ ಸುತ್ತಿಕೊಳ್ಳುತ್ತದೆ. ನಿಂತು, ಕಾಂಡವನ್ನು ಎರಡು ಬೆರಳಲ್ಲಿ ಹಿಡಿದು ಚಕ್ಕನೆ ಮಡಚಿ. ಸಂತೆಯಲ್ಲಿ ಬೆಂಡೆಕಾಯಿ ಎಳೆಯದಾ ಅಂತ ತುದಿ ಮುರಿದು ನೋಡುತ್ತೇವಲ್ಲ, ಅದೇ ಥರ ಲಟಕ್ ಅಂತ ಮುರಿಯುತ್ತದೆ. ಇನ್ನೊಂದು ಮಾತು: ಚಪ್ಪರದ ಕೆಳಗಿಂದಲೇ ದಡಕ್ಕೆ ಮರಳುವಷ್ಟು ಗಾಳಿ ಉಳಿಸಿಕೊಳ್ಳಿ. ಗಾಳಿ ಮುಗಿದು ಮೇಲೆದ್ದರೆ ಎಲೆಗಳ ಮೇಲೆ ಅಂಬೆಗಾಲಿಟ್ಟುಕೊಂಡು ಬರಬೇಕು, ಮೈ ಸೋತುಹೋಗುತ್ತದೆ.

ಮೊದಲ ಡೈವಿಗೆ ಊರೊಳಗಿನ ಬ್ರೇಕ್‌ವಾಟರ್, ಅಂದರೆ ಅಲೆ ತಡೆಯುವ ಕಲ್ಲುಗೋಡೆಯ ಪಕ್ಕದ ಜಾಗ, ಸಾಕು. ಕಾರು ನಿಲ್ಲಿಸಿ, ಮೆಟ್ಟಿಲಿಳಿದು, ಮರಳಿನಿಂದ ನಡೆದುಕೊಂಡೇ ನೀರಿಗೆ ಹೋಗಬಹುದು. ದೋಣಿಯ ಖರ್ಚಿಲ್ಲ. ಚಳಿ ತಡೆಯಲಾಗದಿದ್ದರೆ ಹತ್ತು ನಿಮಿಷಕ್ಕೆ ಎದ್ದು ಬರಬಹುದು, ಅಲ್ವಾ? ಮೊದಲ ಸಲಕ್ಕೆ ಇದು ದೊಡ್ಡ ಸಮಾಧಾನ. ಗೋಡೆಯ ತುದಿಯಲ್ಲಿ ಕಡಲಸಿಂಹಗಳ ಗದ್ದಲ ನೀರಿನ ಕೆಳಗೂ ಕೇಳಿಸುತ್ತದೆ. ಮರಳಿನ ಮೇಲಿನ ಹಳೆ ಪೈಪು ಹಿಡಿದು ಹೋದರೆ ಹೂವಿನಂತೆ ಕಾಣುವ ಕಡಲಜೀವಿ ಅನಿಮೋನ್‌ಗಳ, ಮೊಣಕಾಲೆತ್ತರದ ಬಿಳಿ ಬಯಲು ಸಿಗುತ್ತದೆ. ಅನುಭವ ಆದ ಮೇಲೆ ಪಾಯಿಂಟ್ ಲೋಬೋಸ್‌ಗೆ ಹೋಗಿ. ಅದು ರಾಜ್ಯದ ಕಾಯ್ದಿಟ್ಟ ಜಾಗ, ದಿನಕ್ಕೆ ಇಷ್ಟೇ ಡೈವರ್‌ಗಳು ಅಂತ ಲೆಕ್ಕ, ಮೊದಲೇ ಬುಕ್ ಮಾಡಬೇಕು.

ಮಾಂಟೆರಿಯಲ್ಲಿ ನನಗೆ ಎಲ್ಲಕ್ಕಿಂತ ಪ್ರೀತಿ ಕಡಲ ನೀರುನಾಯಿಯ ಮೇಲೆ. ಅದರ ತುಪ್ಪಳ ಪ್ರಾಣಿಗಳಲ್ಲೆಲ್ಲ ದಟ್ಟ, ಒಂದು ಚದರ ಇಂಚಿನಲ್ಲಿ ಹತ್ತು ಲಕ್ಷದವರೆಗೆ ಕೂದಲು. ಆ ತುಪ್ಪಳಕ್ಕಾಗಿಯೇ ಅದನ್ನು ಬೇಟೆಯಾಡಿ ಮುಗಿಸಿದ್ದರು. ಕ್ಯಾಲಿಫೋರ್ನಿಯಾದಲ್ಲಿ ಇಲ್ಲವೇ ಇಲ್ಲ ಅಂತ ಬಹಳ ಜನ ತಿಳಿದಿದ್ದಾಗ, 1938ರಲ್ಲಿ ಬಿಗ್ ಸರ್ ಕರಾವಳಿಯಲ್ಲಿ ಒಂದು ಸಣ್ಣ ಗುಂಪು ಕಣ್ಣಿಗೆ ಬಿತ್ತು. ಈಗ ಇಲ್ಲಿರುವುದೆಲ್ಲ ಅಂಥ ಅಳಿದುಳಿದವುಗಳ ಸಂತಾನ. ಅವು ಮಲಗುವಾಗ ತೇಲಿ ಹೋಗದಂತೆ ಕೆಲ್ಪ್ ಎಲೆ ಸುತ್ತಿಕೊಳ್ಳುತ್ತವೆ. ಕೆಲ್ಪನ್ನು ಬುಡದಿಂದ ಮೇಯುವ ಸೀ ಅರ್ಚಿನ್ ಎಂಬ ಮುಳ್ಳಿನ ಚೆಂಡುಗಳನ್ನು ತಿಂದು ಕಾಡನ್ನೂ ಕಾಯುತ್ತವೆ. 2013ರಿಂದ ರೋಗ ಬಂದು ನಕ್ಷತ್ರಮೀನುಗಳು ಸತ್ತವು, ಮೇಲಿಂದ ಕಡಲೂ ಬಿಸಿಯಾಯಿತು, ಅರ್ಚಿನ್ ಮಿತಿಮೀರಿದವು. ಉತ್ತರ ಕ್ಯಾಲಿಫೋರ್ನಿಯಾದಲ್ಲಿ ಬುಲ್ ಕೆಲ್ಪ್ ಎಂಬ ಇನ್ನೊಂದು ಜಾತಿಯ ಕಾಡು ಶೇ. 90ಕ್ಕಿಂತ ಹೆಚ್ಚು ಹೋಯಿತು. ಮಾಂಟೆರಿಯಲ್ಲೂ ಹಲವು ಕಡೆ ಬಂಡೆ ಬೋಳಾಗಿದೆ. ನಾನು ಮೊದಲು ಡೈವ್ ಮಾಡಿದ ಒಂದು ಮೂಲೆಯಲ್ಲಿ ಈಗ ನೇರಳೆ ಮುಳ್ಳು ಬಿಟ್ಟರೆ ಬೇರೇನೂ ಇಲ್ಲ. ಹಾಗಾಗಿ ಹೋಗುವ ಮುಂಚೆ ಅಲ್ಲಿನ ಡೈವ್ ಅಂಗಡಿಯಲ್ಲಿ "ಈ ವರ್ಷ ಕೆಲ್ಪ್ ಎಲ್ಲಿ ಚೆನ್ನಾಗಿದೆ?" ಅಂತ ಕೇಳಲೇಬೇಕು.

ಕಾಲ: ಸೆಪ್ಟೆಂಬರಿನಿಂದ ನವೆಂಬರ್. ಆಗ ನೀರು ತಿಳಿ. ವಸಂತದಲ್ಲಿ ಗಾಳಿ ಮೇಲಿನ ನೀರನ್ನು ಆಚೆ ತಳ್ಳಿ, ತಳದ ತಣ್ಣೀರು ಮೇಲೆ ಬರುತ್ತದೆ. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಹೀಗೇ ಆಗುತ್ತದೆ, ಬೂತಾಯಿ ಮೀನಿನ ಸುಗ್ಗಿಗೂ ಅದಕ್ಕೂ ನಂಟು ಇದೆ. ಆ ನೀರಿನಲ್ಲಿ ಮೇವು ಜಾಸ್ತಿ, ಆದರೆ ಹಸಿರು ಕದಡು, ಕೈ ಚಾಚಿದರೆ ಬೆರಳು ಮಸುಕು.

ಹಡಗಿಗೆ ಮಾಂಟೆರಿ ಸರಿಯಲ್ಲ. ಕ್ಯಾಲಿಫೋರ್ನಿಯಾದಲ್ಲೇ ಬೇಕೆಂದರೆ ದಕ್ಷಿಣಕ್ಕೆ ಸ್ಯಾನ್ ಡಿಯಾಗೋಗೆ ಹೋಗಬೇಕು. ಅಲ್ಲಿ ಕೆನಡಾದ ಹಳೆಯ ಯುದ್ಧನೌಕೆ ಯೂಕಾನ್ 2000ದಿಂದ ತಳದಲ್ಲಿದೆ.

ಕೇಪ್‌ಟೌನ್: ಮೂರೂ ಒಂದೇ ರಜೆಯಲ್ಲಿ

ಅಕ್ಕನ ಮಗಳಿಗೆ ನಾನು ಹೇಳಿದ್ದು ಇದೇ ಊರು.

ಇಲ್ಲಿನ ಕೆಲ್ಪ್ ಬೇರೆ ಜಾತಿ. ಒಳಗೆ ಟೊಳ್ಳಾದ ಒಂದೇ ಉದ್ದ ಕಾಂಡ, ತುದಿಯಲ್ಲಿ ದಪ್ಪ ಬುರುಡೆ, ಅದರಿಂದ ಹರಡಿದ ಎಲೆ. ಅಲ್ಲಿ ಅದಕ್ಕೆ ಕಡಲ ಬಿದಿರು ಅನ್ನುತ್ತಾರೆ. ಮಾಂಟೆರಿಯಷ್ಟು ಎತ್ತರ ಇಲ್ಲ. ಆದರೆ ಆಳ ಕಡಿಮೆ ಇರುವುದರಿಂದ ಬೆಳಕು ಜಾಸ್ತಿ, ಬಂಡೆ ತುಂಬ ಬಣ್ಣ. ಸೈಮನ್ಸ್ ಟೌನ್ ಸುತ್ತ ದಡದಿಂದಲೇ ಇಳಿಯಬಹುದು. ಪೈಜಾಮಾ ಶಾರ್ಕ್ ಅಂತ ಒಂದಿದೆ, ಮೈಮೇಲೆ ತಲೆಯಿಂದ ಬಾಲದವರೆಗೆ ಕಪ್ಪು ಪಟ್ಟೆ, ಒಂದು ಮೀಟರ್ ಚಿಲ್ಲರೆ ಉದ್ದ. ಹಗಲು ಬಂಡೆ ಸಂದಿಯಲ್ಲಿ ಮಲಗಿರುತ್ತದೆ. ಪಫ್ಯಾಡರ್ ಶೈಶಾರ್ಕ್ ಇನ್ನೂ ಸಣ್ಣದು. ಗಾಬರಿಯಾದರೆ ಬಾಲವನ್ನು ಕಣ್ಣಿನ ಮೇಲೆ ತಂದುಕೊಂಡು ಚಕ್ಕುಲಿಯ ಹಾಗೆ ಸುತ್ತಿಕೊಳ್ಳುತ್ತದೆ. ಅದನ್ನು ಮುಟ್ಟಿ ಸುತ್ತಿಸಿ ಫೋಟೋ ತೆಗೆಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಪಾಪ, ಭಯಕ್ಕೆ ಮುಖ ಮುಚ್ಚಿಕೊಂಡಿರುವುದು ಅದು.

ಸೀಲ್‌ಗಳು ಪಾರ್ಟ್ರಿಜ್ ಪಾಯಿಂಟಿನ ಬಂಡೆಗಳ ಹತ್ತಿರ ಸಿಗುತ್ತವೆ. ದೋಣಿ ಬೇಕು, ಆಳ ಬೇಡ. ಅವುಗಳ ಹಿಂದೆ ಈಜಿದರೆ ಒಂದೂ ಹತ್ತಿರ ಬರುವುದಿಲ್ಲ. ಸುಮ್ನೆ ಒಂದು ಕಡೆ ನಿಂತು, ಕೈ ಮೈಗೆ ಒತ್ತಿಕೊಂಡು, ನಿಧಾನ ಉಸಿರಾಡಿ. ಎರಡನೆಯ ನಿಮಿಷಕ್ಕೆ ಒಂದು ಮರಿ ತಲೆಕೆಳಗಾಗಿ ಬಂದು ನಿಮ್ಮ ಮಾಸ್ಕಿನ ಮುಂದೆ ನಿಲ್ಲುತ್ತದೆ. ಮೀಸೆ ಮುಂದಕ್ಕೆ ಚಾಚಿ, ದೊಡ್ಡ ಕಪ್ಪು ಕಣ್ಣಿನಿಂದ ಗಾಜಿನೊಳಗೆ ಇಣುಕುತ್ತದೆ. ನನ್ನ ಉಸಿರಿನ ಗುಳ್ಳೆಗಳನ್ನು ಒಂದು ಮರಿ ಕಚ್ಚಿ ಕಚ್ಚಿ ನೋಡುತ್ತಿತ್ತು.

ಹಡಗೂ ಇದೆ. ಸ್ಮಿಟ್ಸ್‌ವಿಂಕೆಲ್ ಕೊಲ್ಲಿಯಲ್ಲಿ 1970, 80ರ ದಶಕಗಳಲ್ಲಿ ಬೇಕೆಂದೇ ಮುಳುಗಿಸಿದ ಐದು ಹಡಗು ಅಕ್ಕಪಕ್ಕದಲ್ಲಿವೆ. ಆಳ ಮೂವತ್ತು ಮೀಟರ್ ಮೀರುತ್ತದೆ, ಅಡ್ವಾನ್ಸ್ಡ್ ಆದವರೂ ಅಲ್ಲಿನ ಗೈಡ್ ಜೊತೆ ಮೇಲ್ಭಾಗ ನೋಡಿ ಬಂದರೆ ಸಾಕು. ಮಿಲ್ಲರ್ಸ್ ಪಾಯಿಂಟ್ ಹತ್ತಿರ 1994ರಲ್ಲಿ ಮುಳುಗಿಸಿದ ಪೀಟರ್‌ಮಾರಿಟ್ಸ್‌ಬರ್ಗ್ ಅದಕ್ಕಿಂತ ಕಡಿಮೆ ಆಳದಲ್ಲಿದೆ. ಎರಡನೇ ಮಹಾಯುದ್ಧದಲ್ಲಿ ಪೆಲೋರಸ್ ಎಂಬ ಹೆಸರಿನಲ್ಲಿ ನಾರ್ಮಂಡಿ ದಾಳಿಗೆ ಮುಂಚೆ ಕಡಲಿನ ಸಿಡಿಗುಂಡು ತೆಗೆದ ನೌಕೆ ಅದು.

ಈ ಊರಿನಲ್ಲಿ ಕಾಲ ಲೆಕ್ಕ ಹಾಕುವುದು ಸ್ವಲ್ಪ ಸೂಕ್ಷ್ಮ. ಒಂದು ಪರ್ಯಾಯದ್ವೀಪದ ಎರಡು ಬದಿಯಲ್ಲಿ ಎರಡು ಥರದ ನೀರು. ಬೇಸಿಗೆಯಲ್ಲಿ, ಅಂದರೆ ಅಲ್ಲಿನ ಡಿಸೆಂಬರ್–ಫೆಬ್ರವರಿಯಲ್ಲಿ, ಆಗ್ನೇಯದಿಂದ ಜೋರು ಗಾಳಿ ಬೀಸಿ ಅಟ್ಲಾಂಟಿಕ್ ಬದಿಯಲ್ಲಿ ತಳದ ನೀರು ಮೇಲೇಳುತ್ತದೆ. ನೀರು ತಿಳಿಯಾಗುತ್ತದೆ, ಆದರೆ 10 ಡಿಗ್ರಿ ಆಸುಪಾಸಿಗೆ ಇಳಿಯುತ್ತದೆ. ಬಿಸಿಲು ಸುಡುವ ದಿನವೇ ನೀರು ಕೊರೆಯುವುದು. ಚಳಿಗಾಲದಲ್ಲಿ ಆ ಬದಿಗೆ ದೊಡ್ಡ ಅಲೆ. ಆಗ ಸೈಮನ್ಸ್ ಟೌನ್ ಇರುವ ಇನ್ನೊಂದು ಬದಿ, ಫಾಲ್ಸ್ ಬೇ ಕೊಲ್ಲಿ, ಶಾಂತ, ತಿಳಿ, 13ರಿಂದ 15 ಡಿಗ್ರಿ. ಮೊದಲ ಸಲಕ್ಕೆ ಜೂನ್‌ನಿಂದ ಆಗಸ್ಟ್, ಫಾಲ್ಸ್ ಬೇ. 7 ಮಿಲಿಮೀಟರ್ ವೆಟ್‌ಸೂಟ್ ಸಾಕಾಗುತ್ತದೆ.

ಒಂದು ವಿಷಯ ಮೊದಲೇ ತಿಳಿದಿರಲಿ. ಮಿಲ್ಲರ್ಸ್ ಪಾಯಿಂಟಿನಲ್ಲಿ ಏಳು ಕಿವಿರು ಸೀಳಿನ ಶಾರ್ಕ್‌ಗಳ ದೊಡ್ಡ ಗುಂಪು ಇರುತ್ತಿತ್ತು. 2015ರಿಂದ ಆರ್ಕಾಗಳು, ಅಂದರೆ ಕಿಲ್ಲರ್ ವೇಲ್‌ಗಳು, ಬಂದು ಅವುಗಳ ಯಕೃತ್ತು ಮಾತ್ರ ತಿಂದು ಬಿಸಾಡಿದವು, ಉಳಿದವು ಜಾಗ ಬಿಟ್ಟವು. ಹಳೆಯ ವಿಡಿಯೋ ನೋಡಿ ಅದಕ್ಕೆಂದೇ ಟಿಕೆಟ್ ಮಾಡಿಸಬೇಡಿ.

ಖರ್ಚಿನಲ್ಲೂ ಮೂರರಲ್ಲಿ ಇದೇ ನಮ್ಮವರಿಗೆ ಹಗುರ. ಊಟ, ವಸತಿ, ದೋಣಿ ಎಲ್ಲವೂ ಡಾಲರ್, ಪೌಂಡ್ ಲೆಕ್ಕಕ್ಕಿಂತ ಕಡಿಮೆಗೆ ಮುಗಿಯುತ್ತದೆ. ವೀಸಾ ಮೂರಕ್ಕೂ ಬೇಕು.

ಸ್ಕಾಪಾ ಫ್ಲೋ: ಹಡಗಿಗಾಗಿ ಮಾತ್ರ, ಆದರೆ ಎಂಥ ಹಡಗು

ಸ್ಕಾಟ್ಲೆಂಡಿನ ಉತ್ತರಕ್ಕೆ ಆರ್ಕ್ನಿ ದ್ವೀಪಗಳು. ಅವುಗಳ ನಡುವಿನ ಅಗಲವಾದ ಕಡಲೇ ಸ್ಕಾಪಾ ಫ್ಲೋ. ಮೊದಲ ಮಹಾಯುದ್ಧ ನಿಂತ ಮೇಲೆ ಜರ್ಮನಿಯ 74 ಯುದ್ಧನೌಕೆಗಳನ್ನು ಇಲ್ಲಿ ತಂದು ನಿಲ್ಲಿಸಿದ್ದರು. 1919ರ ಜೂನ್ 21ರಂದು ಅವುಗಳ ಅಧಿಕಾರಿ ಲುಡ್ವಿಗ್ ಫಾನ್ ರಾಯ್ಟರ್, ಹಡಗು ಶತ್ರುವಿನ ಕೈಸೇರಬಾರದು ಅಂತ ಎಲ್ಲವನ್ನೂ ಮುಳುಗಿಸಲು ಆಜ್ಞೆ ಕೊಟ್ಟ. ಜರ್ಮನ್ ನಾವಿಕರು ತಮ್ಮ ಹಡಗಿನ ಕವಾಟವನ್ನು ತಾವೇ ತೆರೆದು ನೀರು ಬಿಟ್ಟುಕೊಂಡರು. ಸಂಜೆಯೊಳಗೆ 52 ಹಡಗು ತಳ ಸೇರಿದವು. ಆಮೇಲಿನ ವರ್ಷಗಳಲ್ಲಿ ಹೆಚ್ಚಿನವನ್ನು ಗುಜರಿಗೆ ಮೇಲೆತ್ತಿದರು. ದೊಡ್ಡವು ಏಳು ಉಳಿದಿವೆ: ಕೋನಿಗ್, ಕ್ರೋನ್‌ಪ್ರಿನ್ಸ್ ವಿಲ್ಹೆಲ್ಮ್, ಮಾರ್ಕ್‌ಗ್ರಾಫ್ ಎಂಬ ಮೂರು ಭಾರಿ ಯುದ್ಧನೌಕೆಗಳು, ಮತ್ತು ಬ್ರುಮರ್, ಡ್ರೆಸ್ಡೆನ್, ಕ್ಯೋಲ್ನ್, ಕಾರ್ಲ್ಸ್‌ರೂಹೆ ಎಂಬ ನಾಲ್ಕು ಕ್ರೂಸರ್‌ಗಳು.

ಭಾರಿ ನೌಕೆಗಳು ಮೇಲ್ಭಾಗದ ತೂಕಕ್ಕೆ ಬೋರಲಾಗಿ ಬಿದ್ದಿವೆ, ತಳ 40 ಮೀಟರ್ ದಾಟುತ್ತದೆ. ಹಗ್ಗ ಹಿಡಿದು ಹಸಿರು ಕತ್ತಲಿನಲ್ಲಿ ಇಳಿಯುತ್ತಾ ಇರುವಾಗ ಕೆಳಗೆ ನೆಲ ಬಂತು ಅನ್ನಿಸುತ್ತದೆ. ನೆಲವಲ್ಲ, ಅದು ಹಡಗಿನ ಹೊಟ್ಟೆ. ಅದರ ಅಂಚಿನಿಂದ ಆಚೆ ಇಳಿದರೆ ಗೋಡೆ. ಕ್ರೋನ್‌ಪ್ರಿನ್ಸ್ ಅಡಿಯಲ್ಲಿ 12 ಇಂಚಿನ ಫಿರಂಗಿ ಈಗಲೂ ಕಾಣುತ್ತದೆ. ಕ್ರೂಸರ್‌ಗಳು ಪಕ್ಕಕ್ಕೆ ಮಲಗಿವೆ, ನೋಡಲು ಸುಲಭ. ಕಾರ್ಲ್ಸ್‌ರೂಹೆ ಸುಮಾರು 25 ಮೀಟರಿನಲ್ಲಿ ಸಿಗುತ್ತದೆ, ಉಳಿದವು ಮೂವತ್ತೈದರ ಹತ್ತಿರ. ಚೆನ್ನಾಗಿ ಉಳಿದಿರುವುದು ಕ್ಯೋಲ್ನ್. ಅದರ ಡೆಕ್ ಈಗ ನೆಟ್ಟಗೆ ನಿಂತ ಗೋಡೆ. ಬಿಳಿ, ಕಿತ್ತಳೆ ಮೆದುಹವಳ ಅದನ್ನೆಲ್ಲ ಮುಚ್ಚಿದೆ.

ಇವೆಲ್ಲ ಕಾನೂನು ಕಾಯುವ ಸ್ಮಾರಕಗಳು. ಒಂದು ಮೊಳೆಯನ್ನೂ ತರುವಂತಿಲ್ಲ. 1939ರಲ್ಲಿ ಜರ್ಮನ್ ಜಲಾಂತರ್ಗಾಮಿ ಮುಳುಗಿಸಿದ ರಾಯಲ್ ಓಕ್, 1917ರಲ್ಲಿ ಸಿಡಿದ ವ್ಯಾನ್‌ಗಾರ್ಡ್, ಎರಡರಲ್ಲೂ ಎಂಟುನೂರಕ್ಕೂ ಹೆಚ್ಚು ಜನ ಸತ್ತರು. ಅವು ಸಮಾಧಿಗಳು, ಅಲ್ಲಿ ಡೈವ್ ಇಲ್ಲ. ದೋಣಿ ಆ ಕಡೆಯಿಂದ ಹೋಗುವಾಗ ನಮ್ಮ ದೋಣಿಯವರು ಮಾತು ನಿಲ್ಲಿಸಿದ್ದು ನೆನಪಿದೆ.

ಸ್ಟ್ರೋಮ್‌ನೆಸ್ ಬಂದರಿನ ದೋಣಿಗಳನ್ನು ಸಾಮಾನ್ಯವಾಗಿ ವಾರಕ್ಕೆ ಬುಕ್ ಮಾಡುತ್ತಾರೆ. ಡ್ರೈಸೂಟ್ ಬೇಕೇ ಬೇಕು. ಓಪನ್ ವಾಟರ್ 18 ಮೀಟರಿಗೆ, ಅಡ್ವಾನ್ಸ್ಡ್ 30ಕ್ಕೆ. ಅಷ್ಟರಲ್ಲಿ ಹೋದರೆ ಇಲ್ಲಿ ಮುಖ್ಯವಾದದ್ದೇ ಸಿಗುವುದಿಲ್ಲ. ಆಳದ ಕೋರ್ಸ್, ಆಮ್ಲಜನಕ ಹೆಚ್ಚಿರುವ ಗಾಳಿ ಬಳಸುವ ನೈಟ್ರಾಕ್ಸ್ ಕೋರ್ಸ್, ಇಪ್ಪತ್ತು ಮೂವತ್ತಾದರೂ ತಣ್ಣೀರಿನ ಡೈವ್ ಆದ ಮೇಲೆ ಹೋಗಿ.

ಇನ್ನೂ ಕೆಲವು

ಇಂಗ್ಲೆಂಡಿನಲ್ಲಿರುವ ನಮ್ಮವರಿಗೆ ಸೀಲ್ ನೋಡಲು ಕೇಪ್‌ಟೌನ್ ಬೇಕಿಲ್ಲ. ನಾರ್ತಂಬರ್‌ಲ್ಯಾಂಡಿನ ಸೀಹೌಸಸ್‌ನಿಂದ ಫಾರ್ನ್ ದ್ವೀಪಗಳಿಗೆ ದೋಣಿ ಇದೆ. ಬೂದು ಸೀಲ್‌ಗಳು ಕಾಲಿಗೆ ಹಾಕಿದ ಈಜುರೆಕ್ಕೆ ಕಚ್ಚಿ ಎಳೆಯುತ್ತವೆ. ಸೆಪ್ಟೆಂಬರ್, ಅಕ್ಟೋಬರ್ ಒಳ್ಳೆಯ ಕಾಲ. ಡ್ರೈಸೂಟ್ ಕಲಿಯಲು ಲೆಸ್ಟರ್‌ಶೈರಿನ ಸ್ಟೋನಿ ಕೋವ್ ಎಂಬ ನೀರು ತುಂಬಿದ ಕ್ವಾರಿ ಇದೆ.

ಕೆನಡಾದಲ್ಲಿರುವವರು ವ್ಯಾಂಕೂವರ್ ದ್ವೀಪ ಬಿಡಬೇಡಿ. ಪೋರ್ಟ್ ಹಾರ್ಡಿ ಕಡೆಯ ಬಂಡೆಗೋಡೆಗಳ ಬಣ್ಣ ಹವಳದ ಕಡಲಿಗೂ ಸಾಟಿ. ಆದರೆ ಸೆಳೆತ ಜೋರು, ಉಬ್ಬರ ಇಳಿತದ ಪಟ್ಟಿ ನೋಡಿಯೇ ಇಳಿಯಬೇಕು.

ಐಸ್‌ಲ್ಯಾಂಡಿನ ಸಿಲ್ಫ್ರಾ ಎಂಬ ನೀರು ತುಂಬಿದ ನೆಲದ ಬಿರುಕಿನ ಬಗ್ಗೆ ಕೇಳುವವರೂ ಇದ್ದಾರೆ. ನೀರು 2ರಿಂದ 4 ಡಿಗ್ರಿ, ನೂರು ಮೀಟರ್ ಕಾಣುತ್ತದೆ. ಕೆಲ್ಪಿಲ್ಲ, ಹಡಗಿಲ್ಲ, ಸೀಲಿಲ್ಲ. ಅದು ಬೇರೆಯೇ ಆಸೆ.

ಅವಳಿಗೆ ಹೇಳಿದ್ದು

ನಲವತ್ತು ಡೈವಿನೊಳಗೆ ಇದ್ದು, ಊರಿನಿಂದ ಒಂದೇ ರಜೆಗೆ ಹೊರಡುವವರಿಗೆ ಕೇಪ್‌ಟೌನ್. ಅಮೆರಿಕದಲ್ಲೇ ಇದ್ದು ಮತ್ತೆ ಮತ್ತೆ ಹೋಗಬಲ್ಲವರಿಗೆ ಮಾಂಟೆರಿ, ಅಲ್ಲೇ ಡ್ರೈಸೂಟ್ ಕಲಿಯಿರಿ. ಸ್ಕಾಪಾ ಎರಡನೆಯದೋ ಮೂರನೆಯದೋ ಆಗಲಿ. ಅದು ನೂರು ವರ್ಷದಿಂದ ಅಲ್ಲೇ ಇದೆ, ಇನ್ನೆರಡು ವರ್ಷ ಕಾಯುತ್ತದೆ.

ಅವಳು ಜುಲೈಗೆ ಫಾಲ್ಸ್ ಬೇ ಅಂತ ತೀರ್ಮಾನಿಸಿದ್ದಾಳೆ. ಮೊದಲ ಎರಡು ದಿನ ಹಡಗೂ ಬೇಡ, ಸೀಲೂ ಬೇಡ, ದಡದಿಂದ ಇಳಿದು ಹೊಸ ಸೂಟಿಗೆ ಮೈ ಒಗ್ಗಿಸಿಕೋ ಅಂದಿದ್ದೇನೆ. ನೇತ್ರಾಣಿಯಲ್ಲಿ ತೇಲದೆ ಕೆಳಗಿಳಿಯಲು ಅವಳಿಗೆ ನಾಲ್ಕು ಕಿಲೋ ಸೀಸದ ತೂಕ ಸಾಕಿತ್ತು. 7 ಮಿಲಿಮೀಟರ್ ಸೂಟಿನಲ್ಲಿ ನನಗೆ ಹನ್ನೊಂದು ಬೇಕು, ಅವಳಿಗೆ ಎಷ್ಟು ಅಂತ ಅಲ್ಲೇ ತೂಗಿ ನೋಡಬೇಕು. ಆ ಅಂಕಿಯನ್ನು ಸೂಟಿನ ದಪ್ಪ, ನೀರಿನ ಡಿಗ್ರಿ ಜೊತೆ ಪ್ರತಿ ಡೈವ್ ಆದ ಮೇಲೂ ಲಾಗ್‌ಬುಕ್ಕಿನಲ್ಲಿ ಬರೆದು, ಸಂಜೆ ನನಗೆ ಫೋಟೋ ಕಳಿಸು ಅಂತ ಹೇಳಿದ್ದೇನೆ.